ಕತ್ತರಿ ಲಿಫ್ಟು

"ನಿನಗೆ ಮಾರಲ್ಲ," ಎಂದ ಅವನು, ಗೇಟಿನ ಚಿಲಕ ತೆಗೆಯದೆಯೇ.

"ಮಾರಾಟಕ್ಕಿದೆ ಅಂತ ಬೋರ್ಡ್ ಹಾಕಿದ್ದೀಯ. ನನ್ನೊಬ್ಬಳನ್ನ ಬಿಟ್ಟು ಅಂತ ಅದರಲ್ಲಿಲ್ಲ," ಎಂದಳು ಅವಳು.

ಅವಳ ಹಿಂದೆ ನಿಂತಿದ್ದ ಪೇಂಟ್ ಮೇಸ್ತ್ರಿ ಬೇರೆಡೆಗೆ ಮುಖ ತಿರುಗಿಸಿದ. ಅವರಿಬ್ಬರೂ ಗಂಡ ಹೆಂಡತಿಯಾಗಿ ಪೇಂಟಿಂಗ್ ಗುತ್ತಿಗೆ ನಡೆಸುತ್ತಿದ್ದ ಕಾಲದಲ್ಲಿ ಈ ಮೇಸ್ತ್ರಿ ಇಬ್ಬರ ಅನ್ನವನ್ನೂ ಉಂಡವನು. ಬೇರೆಯಾದಾಗ ಗಂಡ ಯಂತ್ರಗಳನ್ನು ಇಟ್ಟುಕೊಂಡ. ಕೆಲಸಗಾರರೆಲ್ಲ ಹೆಂಡತಿಯ ಬೆನ್ನಿಗೆ ಹೋದರು. ಕಬ್ಬಿಣ ನನಗೆ, ಬಾಯಿಗಳು ಅವಳಿಗೆ ಎಂದು ಅವನು ಕಂಡಕಂಡವರ ಮುಂದೆ ನಕ್ಕಿದ್ದ. ಆಮೇಲೆ ಯಂತ್ರಗಳನ್ನು ಬಾಡಿಗೆಗೆ ಬಿಟ್ಟ. ಬಾಡಿಗೆ ನೆಲ ಕಚ್ಚಿತು. ಈಗ ಅಂಗಳದಲ್ಲಿ ಉಳಿದಿದ್ದುದು ಒಂದೇ ಕತ್ತರಿ ಲಿಫ್ಟು; ಕತ್ತರಿಯ ಹಾಗೆ ಮಡಚಿಕೊಂಡ ಕಾಲುಗಳು, ಮೇಲೆ ಕಟಕಟೆಯುಳ್ಳ ಅಟ್ಟ.

ಅವಳಿಗೆ ಅದು ಬೇಕೇಬೇಕಿತ್ತು. ಆಸ್ಪತ್ರೆಯೊಂದರ ಹೊರಗೋಡೆಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತ್ತು. ರೋಗಿಗಳ ಕಿಟಕಿಗೆ ಅಡ್ಡವಾಗಿ ಸಾರುವೆ ಕಂಬ ಕಟ್ಟಕೂಡದು ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಹೊಸ ಲಿಫ್ಟು ಕೊಳ್ಳುವ ತಾಕತ್ತಿಲ್ಲ. ಊರೆಲ್ಲ ಜಾಲಾಡಿದರೂ ಅಷ್ಟೆತ್ತರ ಏರುವ ಹಳೆಯ ಲಿಫ್ಟು ಇನ್ನೊಂದು ಸಿಗಲಿಲ್ಲ. ಮೂರು ದಿನ ಹಲ್ಲು ಕಚ್ಚಿಕೊಂಡಿದ್ದು ಕೊನೆಗೆ ಬಂದಿದ್ದಳು.

ಚಿಲಕ ಸರಿಯಿತು. ಬೆಲೆ ಹೇಳಿದ, ಚೌಕಾಸಿ ಬೇಡ ಎಂದೂ ಹೇಳಿದ. ಬೆಲೆಯ ಮಾತು ಆಮೇಲೆ, ಮೊದಲು ಓಡಿಸಿ ನೋಡಬೇಕು ಎಂದಳು ಅವಳು.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇದ್ದಿದ್ರೆ ಮನೇಲೇ ಇರ್ತಿದ್ದೆ."

ಟೈರು ನೋಡಿದಳು, ಬ್ಯಾಟರಿ ನೋಡಿದಳು, ಎಣ್ಣೆ ಸೋರಿದ ಗುರುತಿಗಾಗಿ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದಳು. ಆಮೇಲೆ ಮೇಸ್ತ್ರಿಗೆ ಹೇಳಿ ಒಂದು ಬದಿಯ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದಳು. ಯಂತ್ರ ವಾಲಿ ನಿಂತಿತು. ಹಾಗೆ ವಾಲಿದಾಗ ಅದು ಕೂಗಿಕೊಳ್ಳಬೇಕು, ಮೇಲೇರಲು ಒಪ್ಪಬಾರದು. ಅವಳು ಕೆಳಗಿನ ಗುಂಡಿ ಒತ್ತಿದಳು. ಖಾಲಿ ಅಟ್ಟ ಕಿಮಕ್ಕೆನ್ನದೆ ಮೇಲೇರತೊಡಗಿತು.

ಅವಳು ಕೈ ತೆಗೆದು, ಅಟ್ಟ ಇಳಿಸಿ, ಪಕ್ಕದ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ವೈರನ್ನು ಕತ್ತರಿಸಿ, ಯಂತ್ರಕ್ಕೆ ತಾನು ನೆಟ್ಟಗಿದ್ದೇನೆಂದು ಅನ್ನಿಸುವಂತೆ ಬೇರೆ ಕಡೆಗೆ ಜೋಡಿಸಿ, ಟೇಪು ಸುತ್ತಲಾಗಿತ್ತು. ಟೇಪಿನ ತುದಿಯನ್ನು ಪುಟ್ಟದಾಗಿ ಮಡಚಲಾಗಿತ್ತು, ಮತ್ತೆ ಬಿಚ್ಚಲು ಸುಲಭವಾಗಲಿ ಎಂದು. ಹಾಗೆ ಮಡಚುವ ಕೈ ಯಾರದೆಂದು ಅವಳು ಕೇಳಬೇಕಾಗಿರಲಿಲ್ಲ.

"ಸ್ವಲ್ಪ ತಗ್ಗು ಸಿಕ್ರೆ ಸಾಕು, ಕಿರಿಚಿ ಕಿರಿಚಿ ಕೆಲಸ ನಿಲ್ಲಿಸ್ತಿತ್ತು," ಎಂದ ಅವನು. "ಬಾಡಿಗೆಯವರು ವಾಪಸ್ ತಂದು ಬಿಸಾಕ್ತಿದ್ರು. ನಿನ್ನ ಥರಾನೇ ಅದು."

"ಇದರ ಮೇಲೆ ನಿಂತು ಕೆಲಸ ಮಾಡೋದು ಇವನು." ಅವಳು ಮೇಸ್ತ್ರಿಯತ್ತ ಕೈ ತೋರಿಸಿದಳು. ದನಿ ಏರಿರಲಿಲ್ಲ. "ನಮ್ಮ ಮದುವೇಲಿ ಚಪ್ಪರ ಕಟ್ಟಿದವನು."

ಬೇಡವಾದರೆ ಬಿಡು, ನಾಳೆ ಇನ್ನೊಬ್ಬ ಬರುತ್ತಾನೆ, ಅವನು ಪೆಟ್ಟಿಗೆಗಿಟ್ಟಿಗೆ ಬಿಚ್ಚುವವನಲ್ಲ ಎಂದ ಅವನು. ಹೊರಡಲೆಂದು ಎರಡು ಹೆಜ್ಜೆ ಇಟ್ಟಿದ್ದ ಅವಳು ಆ ಮಾತಿಗೆ ನಿಂತಳು. ವೈರು ಸರಿಮಾಡು, ಕೇಳಿದ ಬೆಲೆಗೇ ಕೊಳ್ಳುತ್ತೇನೆ, ಆದರೆ ಮೊದಲು ನೀನು ಹತ್ತಬೇಕು ಎಂದಳು. ಅವನು ಗೊಣಗುತ್ತ ವೈರು ಜೋಡಿಸಿದ. ಈ ಸಲ ಹಲಗೆಯ ಮೇಲೆ ಯಂತ್ರ ಊರಿಗೆಲ್ಲ ಕೇಳುವಂತೆ ಕೂಗಿ ನಿಂತುಬಿಟ್ಟಿತು. ಮೇಸ್ತ್ರಿ ಅದನ್ನು ಸಮನೆಲಕ್ಕೆ ತಂದ. ಗಂಡನಾಗಿದ್ದವನು ಸೇಫ್ಟಿ ಬೆಲ್ಟು ಬಿಗಿದುಕೊಂಡು ಅಟ್ಟ ಹತ್ತಿದ. ಕೀಲಿ ಅವಳ ಕೈಯಲ್ಲಿತ್ತು.

ಕತ್ತರಿಗಳು ಒಂದೊಂದಾಗಿ ಬಿಚ್ಚಿಕೊಂಡವು. ತುತ್ತತುದಿಗೆ ಹೋದಾಗ ಅವನ ಅಂಗಿ ಗಾಳಿಗೆ ಬಡಿಯುತ್ತಿತ್ತು. ಅವಳು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಬ್ಯಾಟರಿ ಕೈಕೊಟ್ಟಾಗ ಅಡಿಯ ಹಿಡಿ ಎಳೆದರೆ ಅಟ್ಟ ಇಳಿಯುತ್ತದೆಯೇ ಎಂದು ನೋಡುವುದು ಕೊನೆಯ ಪರೀಕ್ಷೆ. ಅದನ್ನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮೋಟಾರಿನ ಸದ್ದು ನಿಂತಿತು. ಮೇಲಿನಿಂದ ಅವನು ಬಗ್ಗಿ ನೋಡಿದ. ಇಳಿಸು ಎನ್ನಲಿಲ್ಲ. ಕಟಕಟೆಯ ಎರಡೂ ಬದಿಯನ್ನು ಹಿಡಿದುಕೊಂಡು ಮೆಲ್ಲಗೆ ಕುಕ್ಕರಗಾಲಲ್ಲಿ ಕುಳಿತ. ಅಷ್ಟು ವರ್ಷ ಜೊತೆಗೆ ಬಾಳಿದರೂ ಅವನು ಹೆದರಿದ್ದನ್ನು ಅವಳು ನೋಡಿರಲಿಲ್ಲ. ನೋಡಿದಳು. ಇನ್ನೂ ನೋಡುತ್ತಿದ್ದಳು.

"ಅಕ್ಕ," ಎಂದ ಮೇಸ್ತ್ರಿ. "ಸಾಕು."

ಅವಳು ಬಗ್ಗಿ ಹಿಡಿ ಎಳೆದಳು. ಅಟ್ಟ ಬುಸುಗುಟ್ಟುತ್ತ ನಿಧಾನವಾಗಿ ಇಳಿಯಿತು. ಅವಳ ಕೈ ತಡಮಾಡಿದ್ದು ಮೂವರಿಗೂ ಗೊತ್ತಾಗಿತ್ತು. ಕೊಡುವುದನ್ನು ಕೊಟ್ಟಳು. ಸಂಜೆಯ ಹೊತ್ತಿಗೆ ಲಾರಿ ಬಂತು. ಮೇಸ್ತ್ರಿ ಲಿಫ್ಟನ್ನು ಅದರ ಮೇಲೇರಿಸಿ ಸರಪಳಿ ಬಿಗಿದ.

ಕೈಯೆಲ್ಲ ಗ್ರೀಸು ಮೆತ್ತಿದ್ದರಿಂದ ಅವಳು ಮೂಲೆಯ ನಲ್ಲಿಗೆ ಹೋದಳು. ಅವನು ಹಿಂದೆಯೇ ಬಂದು, ಕೇಳದೆಯೇ ನಲ್ಲಿ ತಿರುಗಿಸಿದ. ಅವಳು ಬೆರಳ ಸಂದಿಗಳನ್ನು ಬಿಡದೆ ತೊಳೆದಳು. ಅವನು ಹೆಗಲ ಮೇಲಿನ ಟವೆಲ್ ಚಾಚಿದ. ಅವಳು ಕೈಯನ್ನು ಗಾಳಿಯಲ್ಲಿ ಒದರಿಕೊಂಡು ಲಾರಿ ಹತ್ತಿದಳು. ಲಾರಿ ರಸ್ತೆಗೆ ಇಳಿದ ಮೇಲೂ ನಲ್ಲಿ ಸುರಿಯುತ್ತಲೇ ಇತ್ತು.