ಬೊಳ್ಳುವಿಗೆ ವಿಷ ಹಾಕಿದ್ದು ಯಾರು?

ಕುಂಬ್ಡಾಜೆಯ ಚೋಮಣ್ಣ ರಬ್ಬರ್ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುವವರು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟಕ್ಕೆ ಹೊರಡಬೇಕು. ಅಲ್ಲಿ ಕಾಡುಹಂದಿಯ ಕಾಟ. ಹಾಗಾಗಿ ಏಳು ತಿಂಗಳ ನಾಯಿ ಬೊಳ್ಳು ಮುಂದೆ, ಚೋಮಣ್ಣ ಹಿಂದೆ. ಬೊಳ್ಳು ಇಲ್ಲದಿದ್ದರೆ ಅವರಿಗೆ ಕೆಲಸಕ್ಕೆ ಹೋಗುವ ಧೈರ್ಯವೇ ಇಲ್ಲ.

ಒಂದು ದಿನ ಬೆಳಿಗ್ಗೆ ಬೊಳ್ಳು ಏಳಲಿಲ್ಲ. ಹಿಂದಿನ ದಿನದಿಂದಲೇ ಅನ್ನ ಮುಟ್ಟಿರಲಿಲ್ಲ. ಮೊದಲು ನೊರೆ ನೊರೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಹತ್ತಿರ ನಿಲ್ಲಲಾಗದಷ್ಟು ನಾತ.

"ಇದು ವಿಷವೇ!" ಚೋಮಣ್ಣ ಅಂಗಳದಲ್ಲಿ ನಿಂತು ಕೂಗಿದರು. "ಮೇಲಿನ ಮನೆ ಮಹಾಲಿಂಗನದ್ದೇ ಕೆಲಸ. ಬೊಳ್ಳು ಅವನ ಕೋಳಿಯನ್ನು ಓಡಿಸಿದ ಸಿಟ್ಟು. ತುಂಗಾ, ತೆಂಗಿನೆಣ್ಣೆ ತಾ, ಹೊಟ್ಟೆಗೆ ಹೊಯ್ಯುವ."

ಹೆಂಡತಿ ತುಂಗಾ ಬಾಟಲಿ ತಂದರು. ಚೋಮಣ್ಣ ನಾಯಿಯ ಬಾಯಿ ಬಿಡಿಸುವಷ್ಟರಲ್ಲಿ ನೆರೆಮನೆಯ ಈಶ್ವರಿಯಕ್ಕ ಅಲ್ಲಿಗೆ ಬಂದರು. ಮೃಗಾಸ್ಪತ್ರೆಯಲ್ಲಿ ಅಟೆಂಡರ್ ಆಗಿರುವ ಅವರು ಕೆಲಸಕ್ಕೆ ಹೊರಟಿದ್ದರು.

"ಎಂತ ಮಾಡುವುದು ಚೋಮಣ್ಣ? ಎಣ್ಣೆ ಬೇಡ, ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಸಾಯ್ತದೆ!"

"ನಮ್ಮ ಅಪ್ಪನ ಕಾಲದಿಂದ ಹೀಗೇ ಮಾಡುವುದು."

"ಆ ನಾಯಿಗಳೆಲ್ಲ ಬದುಕಿದವಾ?"

ಚೋಮಣ್ಣ ಬಾಟಲಿಯನ್ನು ಬದಿಗಿಟ್ಟರು.

"ಇದು ಪಾರ್ವೋ ಅಂತ ಕಾಣ್ತದೆ," ಎಂದರು ಈಶ್ವರಿಯಕ್ಕ. "ಎಳೆಯ ನಾಯಿಗಳಿಗೆ ಅಂಟುವ ಹೊಟ್ಟೆಯ ರೋಗ. ಮನುಷ್ಯರಿಗೆ ಬರುವುದಿಲ್ಲ. ಆದರೆ ವಿಷವೋ ಇದೋ ಅಂತ ಡಾಕ್ಟರೇ ನೋಡಿ ಹೇಳಬೇಕು. ಈಗಲೇ ಹೊರಡಿ."

"ಅದಕ್ಕೆ ಸೂಜಿ ಹಾಕಿಸಿ ಆಗಿದೆ ಮಾರಾಯ್ತಿ! ಪಂಚಾಯತಿನ ಕ್ಯಾಂಪಿನಲ್ಲಿ. ಕಾರ್ಡ್ ಉಂಟು, ನಾಯಿ ಸಾಕುವ ಲೈಸನ್ಸೂ ಉಂಟು."

"ಅದು ಹುಚ್ಚುನಾಯಿ ರೋಗದ ಸೂಜಿ. ಇದರದ್ದು ಬೇರೆ. ಮಗುವಿಗೆ ಪೋಲಿಯೋ ಹನಿ ಹಾಕಿದರೆ ದಡಾರ ಬಾರದೇ ಇರ್ತದಾ?"

ನಮ್ಮಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಲೈಸನ್ಸಿಗೆ ಒಂದು ಸೂಜಿ ಆದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ.

ಬಸ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲ. ಹತ್ತಿರದಲ್ಲಿ ಇದ್ದದ್ದು ಒಂದೇ ಆಟೋ, ಅದೂ ಮಹಾಲಿಂಗರದ್ದು. "ನಾನು ಕೇಳುವುದಿಲ್ಲ," ಎಂದರು ಚೋಮಣ್ಣ. ಅಷ್ಟರಲ್ಲಿ ಬೊಳ್ಳು ಅವರ ಸ್ವರ ಕೇಳಿ ತಲೆ ಎತ್ತಲು ನೋಡಿತು, ಆಗಲಿಲ್ಲ. ಚೋಮಣ್ಣನ ಕಣ್ಣು ತುಂಬಿತು. ಕೂಡಲೇ ಮೇಲಿನ ಮನೆಗೆ ಓಡಿದರು.

ಮಹಾಲಿಂಗ ಸೀಟಿಗೆ ಗೋಣಿ ಹಾಸಿ ಆಟೋ ಬಿಟ್ಟರು. ಅರ್ಧ ದಾರಿಯಲ್ಲಿ ಚೋಮಣ್ಣ ತಡವರಿಸುತ್ತಾ ಹೇಳಿದರು, "ಮಹಾಲಿಂಗಣ್ಣ, ನಿಮ್ಮ ಮೇಲೆ ನಾನು ಒಂದು ಮಾತು ಹೇಳಿದ್ದೆ."

"ಗೊತ್ತುಂಟು. ನೀವು ಹೇಳಿದ್ದು ಬದಿಯಡ್ಕ ಪೇಟೆಯವರೆಗೆ ಕೇಳಿರಬೇಕು. ಈಗ ನಾಯಿಯನ್ನು ಗಟ್ಟಿ ಹಿಡಿದುಕೊಳ್ಳಿ, ತಿರುವು ಉಂಟು."

ಡಾಕ್ಟರ್ ಪರೀಕ್ಷೆ ಮಾಡಿ ಪಾರ್ವೋ ಎಂದೇ ಹೇಳಿದರು. ವಿಷ ಯಾರೂ ಹಾಕಿರಲಿಲ್ಲ. ನಾಲ್ಕು ದಿನ ಗ್ಲೂಕೋಸ್ ಏರಿಸಿದರು, ಸೂಜಿಮದ್ದು ಕೊಟ್ಟರು. ಒಂದು ದಿನ ತಡವಾಗಿದ್ದರೆ ಬದುಕುವುದು ಕಷ್ಟವಿತ್ತಂತೆ. ಐದನೇ ದಿನ ಬೊಳ್ಳು ಗಂಜಿನೀರು ನೆಕ್ಕಿತು. ತುಂಗಾ ಅಂಗಳವನ್ನು, ಮಹಾಲಿಂಗ ಆಟೋವನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆದರು. ಈ ರೋಗ ಚಪ್ಪಲಿ, ಗೋಣಿಗೆ ಅಂಟಿಕೊಂಡೂ ಇನ್ನೊಂದು ಮನೆಯ ಮರಿಗೆ ಹೋಗುತ್ತದೆ.

ಓದುವವರೇ, ನಿಮ್ಮ ನಾಯಿಯ ಕಾರ್ಡನ್ನು ಇವತ್ತೇ ತೆಗೆದು ನೋಡಿ. ಅದರಲ್ಲಿ ಪಾರ್ವೋ ಲಸಿಕೆ ಇಲ್ಲದಿದ್ದರೆ ಮೃಗಾಸ್ಪತ್ರೆಯಲ್ಲಿ ಕೇಳಿ. ಮರಿಗೆ ಎರಡು ತಿಂಗಳಾಗುವಾಗಲೇ ಶುರುಮಾಡಿ, ಡಾಕ್ಟರ್ ಹೇಳಿದ ದಿನಗಳಲ್ಲಿ ತಪ್ಪದೆ ಹಾಕಿಸಿ. ವಾಂತಿ, ಭೇದಿ ಕಂಡರೆ ಎಣ್ಣೆಯೂ ಬೇಡ, ನಮ್ಮ ಜ್ವರದ ಮಾತ್ರೆಯೂ ಬೇಡ. ನೆರೆಯವರನ್ನು ಆಮೇಲೆ ಬೈಯಬಹುದು, ಮೊದಲು ಅವರ ಆಟೋ ಕರೆಯಿರಿ.