ಎಡಗೈಯ ಇಕ್ಕಳ

ನಾನು ಒಂದು ಇಕ್ಕಳ. ಅಡುಗೆಮನೆಯದ್ದಲ್ಲ, ಗಾಯಕ್ಕೆ ಹೊಲಿಗೆ ಹಾಕುವಾಗ ಡಾಕ್ಟರು ಸೂಜಿ ಹಿಡಿಯುವ ಇಕ್ಕಳ. ಬೆಂಕಿಯಲ್ಲಿ ಕಾದು, ಪೆಟ್ಟು ತಿಂದು, ಮಿರಮಿರ ಮಿಂಚುತ್ತ ಕಾರ್ಖಾನೆಯಿಂದ ಹೊರಬಿದ್ದೆ. ನನ್ನ ಹಿಡಿಗಳ ನಡುವೆ ಹಲ್ಲುಹಲ್ಲಾದ ಕೊಂಡಿಯಿದೆ. ಒತ್ತಿದರೆ ಸೂಜಿಯನ್ನು ಕಚ್ಚಿ ಹಿಡಿಯುತ್ತೇನೆ, ಹೆಬ್ಬೆರಳಿಂದ ತುಸು ತಳ್ಳಿದರೆ ಬಿಡುತ್ತೇನೆ. ಆದರೆ ನನ್ನ ಕೊಂಡಿ ಎಲ್ಲರಂತಲ್ಲ. ಅದನ್ನು ಮಾಡಿದ್ದೇ ಎಡಗೈಯವರಿಗಾಗಿ; ಬಲಗೈಯ ಹೆಬ್ಬೆರಳು ತಳ್ಳಿದರೆ ಬಿಡುವುದೇ ಇಲ್ಲ.

ಹುಬ್ಬಳ್ಳಿಯ ಗುರುಪಾದಪ್ಪನವರ ಸರ್ಜಿಕಲ್ ಅಂಗಡಿಯಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಕೊಂಡವರೆಲ್ಲ ಬಲಗೈಯಲ್ಲಿ ಹಿಡಿದು ಗುದ್ದಾಡಿ, ಬೈದು, ಮರಳಿಸಿ ಹೋದರು. ಕೊನೆಗೆ ಕೆಟ್ಟ ಸಾಮಾನಿನ ಟ್ರೇ ಸೇರಿದೆ. ನನಗೇನು ಕೆಟ್ಟಿತ್ತು? ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ದಿನ ಮೆಡಿಕಲ್ ಓದುವ ನೀಲಾಂಬಿಕಾ ಬಂದಳು. ಮುಖ ಬಾಡಿತ್ತು. ಹೊಲಿಗೆ ಕಲಿಯುವ ಸಾಮಾನು ಬೇಕಿತ್ತು. ಒತ್ತಿ ಒತ್ತಿ ನೋಡಿ, ಚರ್ಮ, ಕೊಬ್ಬು, ಮಾಂಸ ಎಂದು ಪದರಗಳಿದ್ದ ಸಿಲಿಕೋನ್ ಪ್ಯಾಡು ಆರಿಸಿದಳು. ಹೊಲಿಗೆ ಎದ್ದು ಕಾಣಲೆಂದು ಕರಿ ನೈಲಾನ್ ದಾರ ತೆಗೆದುಕೊಂಡಳು. ಇಕ್ಕಳಗಳನ್ನು ಮಾತ್ರ ಒಂದೊಂದಾಗಿ ಎಡಗೈಯಲ್ಲಿ ಹಿಡಿದು, ಬಿಡಿಸಲಾಗದೆ ಕೆಳಗಿಟ್ಟಳು.

"ನನ್ನ ಕೈಯಾಗಽ ಏನೋ ಐಬೈತ್ರಿ ಕಾಕಾ. ಸೂಜಿ ಬಿಡೂದಽ ಇಲ್ಲ, ಜಗ್ಗಿದ್ರ ಪ್ಯಾಡ್ ಹರೀತೈತಿ. ಈ ಪರೀಕ್ಷೆದಾಗೂ ಹಿಂಗಾದ್ರ ಸರ್ಜನ್ ಆಗೂ ಆಸೆ ಬಿಟ್ಟಬಿಡು ಅಂದಾರ ನಮ್ಮ ಹೊಂಬಳ ಸರ್."

ಹಾಗೆನ್ನುತ್ತಲೇ ಟ್ರೇಗೆ ಕೈ ಹಾಕಿ ನನ್ನನ್ನೆತ್ತಿದಳು. ಒತ್ತಿದಳು, ಕಚ್ಚಿದೆ. ತಳ್ಳಿದಳು, ಟಿಕ್ಕೆಂದು ಬಿಟ್ಟೆ.

"ಇದಽ ಬೇಕ್ರಿ ನನಗ!"

"ಅದು ಕೆಟ್ಟ ಮಾಲು ಐತವ್ವಾ. ನಾ ಮಾರೂದಿಲ್ಲ," ಎಂದು ಗುರುಪಾದಪ್ಪ ಕೈ ಚಾಚಿದರು. ಅವಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಹಣ ಕೊಡುವಾಗ ಮಾತ್ರ ಬಲಗೈ ಮುಂದೆ ಬಂತು. ಎಡಗೈಯಲ್ಲಿ ಕೊಡಬಾರದು, ತಗೋಬಾರದು ಎಂದು ಅಜ್ಜಿ ಚಿಕ್ಕಂದಿನಲ್ಲೇ ಬಡಿದು ಕಲಿಸಿದ್ದಳಂತೆ.

ಪರೀಕ್ಷೆಯಲ್ಲಿ ಅವಳು ಹೊಲಿಯತೊಡಗಿದ್ದೇ ತಡ, ಹೊಂಬಳ ಸರ್, "ಮತ್ತಽ ಎಡಗೈ?" ಎಂದು ಗದರಿ, ತಾವೇ ತೋರಿಸಲು ನನ್ನನ್ನು ಬಲಗೈಯಲ್ಲಿ ತೆಗೆದುಕೊಂಡರು. ಸೂಜಿ ಕಚ್ಚಿದ ನಾನು ಬಿಡಲೇ ಇಲ್ಲ. ಜಗ್ಗಿದರು, ತಿರುಚಿದರು. ಪ್ಯಾಡು ಪರ್ರನೆ ಹರಿಯಿತು.

"ಇಲ್ಲಿ ಕೊಡ್ರಿ ಸರ್," ಎಂದು ನೀಲಾಂಬಿಕಾ ಹೆದರುತ್ತಲೇ ಎಡಗೈಯಿಂದ ಬಿಡಿಸಿದಳು. ಆಮೇಲೆ ಅವಳು ಹಾಕಿದ ಹೊಲಿಗೆ ನೋಡಬೇಕಿತ್ತು, ಇರುವೆಗಳು ಸಾಲು ಹಿಡಿದು ಹೊರಟಂತೆ! ಸರ್ ತಾವು ಹರಿದದ್ದನ್ನೂ ಅವಳು ಹೊಲಿದದ್ದನ್ನೂ ಬಹಳ ಹೊತ್ತು ನೋಡಿದರು.

"ಐಬು ನಿನ್ನ ಕೈದಲ್ಲವ್ವಾ. ಇಷ್ಟ ದಿನಾ ನಾವು ಕೊಟ್ಟ ಇಕ್ಕಳದ್ದು," ಎಂದರು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ.

ಈಗ ನನ್ನ ಹಲ್ಲು ಸವೆದಿವೆ. ಸರ್ಜನ್ ಆದ ನೀಲಾಂಬಿಕಾ ಮೇಡಂ ಆಪರೇಷನ್ನಿಗೆ ಹೊಸ ಇಕ್ಕಳ ಒಯ್ಯುತ್ತಾರೆ. ನಾನಿರುವುದು ಅವರ ಮೇಜಿನ ಡ್ರಾಯರಿನಲ್ಲಿ. ಬೇಜಾರೇನಿಲ್ಲ. ಮೊನ್ನೆ ಎಡಗೈಯ ವಿದ್ಯಾರ್ಥಿನಿಯೊಬ್ಬಳು ಹರಿದ ಪ್ಯಾಡು ಹಿಡಿದು ಕಣ್ಣೀರು ಹಾಕುತ್ತ ನಿಂತಿದ್ದಳು. ಮೇಡಂ ಡ್ರಾಯರ್ ಎಳೆದು ನನ್ನನ್ನು ಅವಳತ್ತ ಚಾಚಿದರು. ಆ ಹುಡುಗಿ ರೂಢಿಯಂತೆ ಬಲಗೈ ಒಡ್ಡಿದಳು.

"ನಾ ಎಡಗೈಲೆ ಕೊಡಾಕತ್ತೇನಿ," ಎಂದರು ಮೇಡಂ. "ನೀನೂ ಎಡಗೈಲೇ ತಗೋ."