ಇಲ್ಡಾ ಹೊಲಿದ ಅಂಗಿ

ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುವುದು ಪೆನ್ಸಿಲ್ವೇನಿಯಾದ ಬೆಟ್ಟದ ಮೇಲಿನ ಆ ಬೇಟೆಮನೆಯ ಪದ್ಧತಿ. ಆರ್ವಲ್ ಕೆಸಿಂಗರ್‌ನ ಅಂಗಿ ಮಾತ್ರ ಈವರೆಗೆ ಇಡಿಯಾಗಿ ಉಳಿದಿತ್ತು. ಅದು ತೀರಿಹೋದ ಹೆಂಡತಿ ಇಲ್ಡಾ ಹೊಲಿದ ಕೆಂಪು ಉಣ್ಣೆಯಂಗಿ. ಅದಕ್ಕೆ ಕತ್ತರಿ ತಾಗುವುದನ್ನು ನೆನೆಸಿಕೊಂಡರೇ ಅವನಿಗೆ ಸಂಕಟ.

ಈ ಸಲ ಕತ್ತರಿ ಬಿದ್ದದ್ದು ಅಳಿಯ ವೋಜ್ನಿಯ ಅಂಗಿಗೆ. ಬೆಳಿಗ್ಗೆ ಇಬ್ಬರೂ ಒಂದೇ ಗಂಡು ಜಿಂಕೆಗೆ ಗುರಿಯಿಟ್ಟಿದ್ದರು. ಕೇಳಿಸಿದ್ದು ಒಂದೇ ಸದ್ದು, ಜಿಂಕೆಯ ಮೈಯಲ್ಲಿದ್ದದ್ದು ಒಂದೇ ತೂತು. ಇಬ್ಬರೂ ತಾವೇ ಹೊಡೆದದ್ದು ಎಂದರು. ಬೇಟೆಮನೆಯ ಹಿರಿಯ ಹ್ಯೂಬರ್ಟ್ ತೀರ್ಪು ಕೊಟ್ಟುಬಿಟ್ಟ.

“ಎರಡೂ ಒಟ್ಟಿಗೇ ಹಾರಿರ್ಬೇಕು. ಓಡೋ ಜಿಂಕೆ ಅಂದ್ಮೇಲೆ ತಗುಲಿದ್ದು ಆರ್ವಲ್ ಗುಂಡೇ. ಬಗ್ಗಯ್ಯಾ ವೋಜ್ನಿ.”

“ಅದಕ್ಕೇ ಹೇಳೋದು, ಪಂಪ್ ರೈಫಲ್ ತಗೋ ಅಂತ,” ಆರ್ವಲ್ ಕೊಚ್ಚಿಕೊಂಡ. “ನೀನು ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಇಳಿಸೋ ಹೊತ್ತಿಗೆ ಜಿಂಕೆ ಪಕ್ಕದೂರು ಸೇರಿರತ್ತೆ. ನನ್ದು ನೋಡು, ಎಡಗೈ ಹಿಂದೆ-ಮುಂದೆ, ಹಳೇ ಕಾಡತೂಸು ಹೊರಗೆ, ಹೊಸದು ಒಳಗೆ, ಆಯ್ತು. ಗುರಿಯಿಂದ ಕಣ್ಣೇ ತೆಗೀಬೇಕಾಗಿಲ್ಲ. ಕೈ ತಾನಾಗೇ ಮಾಡತ್ತೆ, ತಲೆಗೆ ಗೊತ್ತೇ ಆಗಲ್ಲ.”

“ತಲೆಗೆ ಗೊತ್ತಾಗ್ದಿದ್ರೆ ಹೇಗೆ ಮಾವ?” ಎಂದ ವೋಜ್ನಿ, ಬೆನ್ನ ಕೆಳಗೆ ಗಾಳಿಯಾಡುತ್ತಿದ್ದ ಜಾಗವನ್ನು ಮುಟ್ಟಿಕೊಳ್ಳುತ್ತ. ಎಲ್ಲರೂ ನಕ್ಕರು.

ಊಟವಾದ ಮೇಲೆ ರೈಫಲ್ ಒರೆಸಲು ಕೂತ ಆರ್ವಲ್‌ಗೆ ತಲೆ ಕೆಟ್ಟುಹೋಯಿತು. ನಳಿಗೆಯೊಳಗೆ ತೂರಿಸಿದ ಬಟ್ಟೆ ಮಸಿಯಿಲ್ಲದೆ ಬೆಳ್ಳಗೆ ಹೊರಬಂತು. ಇನ್ನೊಂದು ತೂರಿಸಿದ, ಅದೂ ಬಿಳಿ. ಭುಜ ಒತ್ತಿ ನೋಡಿದ, ರೈಫಲ್ ಒದ್ದ ನೋವಿಲ್ಲ. ಹಾಗಾದರೆ ತಾನು ಹೊಡೆದನೋ ಇಲ್ಲವೋ? ಟ್ರಿಗರ್ ಎಳೆದದ್ದು ನೆನಪಿದೆ. ಢಂ ಎಂದದ್ದೂ ನೆನಪಿದೆ. ಕೈ ಹಿಂದೆ-ಮುಂದೆ ಆಡಿದ್ದು ಮಾತ್ರ ನೆನಪಿಲ್ಲ. ಅದು ಯಾವತ್ತೂ ನೆನಪಿರುವುದಿಲ್ಲ.

ಯಾರಿಗೂ ಹೇಳದೆ, ಬೆಳಿಗ್ಗೆ ನಿಂತಿದ್ದ ಮರದ ಬುಡಕ್ಕೆ ಹೋಗಿ ಹಿಮ ಕೆದಕಿದ. ಸಿಕ್ಕಿತು, ಆದರೆ ಖಾಲಿ ಕಾಡತೂಸಲ್ಲ. ಮುಂದೆ ಗುಂಡು ಹಾಗೇ ಕೂತಿತ್ತು, ಹಿಂದೆ ರೈಫಲ್ಲಿನ ಸೂಜಿ ಬಡಿದ ಸಣ್ಣ ತಗ್ಗು. ಅವನೇ ಮನೆಯಲ್ಲಿ ಮದ್ದು ತುಂಬಿದ ಕಾಡತೂಸು ಸಿಡಿದೇ ಇರಲಿಲ್ಲ. ಅದೇ ಗಳಿಗೆಯಲ್ಲಿ ಅಳಿಯ ಹೊಡೆದ ಸದ್ದನ್ನು ತನ್ನದೆಂದುಕೊಂಡಿದ್ದ. ಜಾಣ ಕೈ ಸಾಕ್ಷಿಯನ್ನು ಹಿಮದೊಳಗೆ ಎಸೆದು ಸುಮ್ಮನಾಗಿತ್ತು. ಮತ್ತೆ ಹೂತುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಇಲ್ಡಾಳ ಅಂಗಿ ಉಳಿಯುತ್ತದೆ. ಹಾಗೆ ಅನ್ನಿಸಿದ್ದಕ್ಕೇ ನಾಚಿ, ಅದನ್ನು ಜೇಬಿಗೆ ಹಾಕಿಕೊಂಡು ಬೇಟೆಮನೆಗೆ ಮರಳಿದ.

ಕಾಡತೂಸನ್ನು ಮೇಜಿನ ಮೇಲಿಟ್ಟಾಗ ಹ್ಯೂಬರ್ಟ್ ತಲೆ ಕೆರೆದುಕೊಂಡ. “ಲೋ, ಗುಂಡೇ ಹಾರಿಲ್ಲ ಅಂದ್ಮೇಲೆ ನಿನ್ನ ಗುರಿ ತಪ್ಪಿದ್ದು ಹೇಗೆ? ಜಿಂಕೆ ಹೊಡೆದವನ ಅಂಗಿಗೇ ಕತ್ತರಿ ಹಾಕಿದೀವಿ. ಗೋಡೆಗೆ ಬಡಿದದ್ದನ್ನ ಕೀಳೋ ಹಾಗಿಲ್ಲ. ಈಗೇನಪ್ಪಾ ಮಾಡೋದು?”

“ಬಿಡಿ ಮಾವ, ಅತ್ತೆ ಹೊಲಿದ ಅಂಗಿ ಅದು,” ಎಂದ ವೋಜ್ನಿ.

ಆರ್ವಲ್ ತನ್ನ ಅಂಗಿ ಬಿಚ್ಚಿ ಕತ್ತರಿ ತೆಗೆದುಕೊಂಡ. ಇಲ್ಡಾಳ ಹೊಲಿಗೆಯ ಬಳಿ ಬಂದಾಗ ಕೈ ನಿಂತಿತು. ಈ ಸಲ ಅದು ತಾನಾಗಿ ಏನನ್ನೂ ಮಾಡಲಿಲ್ಲ, ಅವನೇ ಮಾಡಿಸಬೇಕಾಯಿತು. ಹ್ಯೂಬರ್ಟ್ ಮೊಳೆ ತಂದರೆ ತುಂಡನ್ನು ಕೊಡಲಿಲ್ಲ. ಸೂಜಿ-ದಾರ ಕೇಳಿ, ಕನ್ನಡಕ ಏರಿಸಿ, ಅಳಿಯನನ್ನು ತಿರುಗಿಸಿ ನಿಲ್ಲಿಸಿ, ಅವನ ಮೋಟು ಅಂಗಿಗೆ ಅದನ್ನು ಹೊಲಿಯತೊಡಗಿದ.

“ಮಾವ, ಉಲ್ಟಾ ಹೊಲೀತಿದ್ದೀರಿ ಅನ್ಸತ್ತೆ.”

“ಸುಮ್ನೆ ನಿಂತ್ಕೊಳೋ,” ಎಂದ ಆರ್ವಲ್. ಅವನಿಗೆ ದಾರವೇ ಸರಿಯಾಗಿ ಕಾಣುತ್ತಿರಲಿಲ್ಲ.